ಭಂಡಾರದ ಆಣೆ

ಒಂಟಿ ಪಾವರ್‌ಲೂಮಿನ ಸದ್ದು ಕೇಳಿದರೆ ಈಗಲೂ ನನಗೆ ಹೊಟ್ಟೆಕಿಚ್ಚಾಗುತ್ತದೆ. ಹತ್ತಾರು ಮಗ್ಗ ಕೂಡಿ ಬಡಿದರೆ ಕಿವಿ ಅದನ್ನು ಮರೆತುಬಿಡುತ್ತದೆ. ಒಂದೇ ಬಡಿದರೆ, ಮುಚ್ಚಿದ ಬಾಗಿಲನ್ನು ಯಾರೋ ಬಡಿದಂತೆ. ರಾಮದುರ್ಗದಲ್ಲಿ ನಾವಿದ್ದದ್ದು ಮಾಲಕರ ಶೆಡ್ಡಿನ ಹಿಂದಿನ ಎರಡು ಖೋಲಿಯಲ್ಲಿ. ನೂಲಿನ ಗಂಜಿ, ಮಷೀನಿನ ಎಣ್ಣೆಯ ವಾಸನೆ ಅವ್ವನ ರೊಟ್ಟಿಗೂ ಹತ್ತಿರುತ್ತಿತ್ತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಮಾಲಕರು ಎಲ್ಲರಿಂದಲೂ 'ಸಂಘ ಸೇರುವುದಿಲ್ಲ' ಎಂಬ ಕರಾರಿಗೆ ಸಹಿ ಹಾಕಿಸಿ, ಸಾಲದ್ದಕ್ಕೆ ಸವದತ್ತಿ ಯಲ್ಲಮ್ಮನ ಭಂಡಾರ, ಅಂದರೆ ಗುಡಿಯ ಅರಿಶಿನ, ಮುಟ್ಟಿಸಿ ಆಣೆ ಮಾಡಿಸಿದ್ದರು. ಆದರೂ ಸಂಘವಾಯಿತು, ಮುಷ್ಕರಕ್ಕೆ ಮಗ್ಗಗಳು ನಿಂತವು. ಪಕ್ಕದ ಮನೆಯ ರುದ್ರಪ್ಪ ಕಾಕಾ ಅಪ್ಪನನ್ನು ಕರೆಯಲು ಬಂದ.

"ಬಾರೋ ಈರಣ್ಣಾ. ಹಂತಾ ಕರಾರು ಕಾಯ್ದೆದಾಗ ನಡ್ಯಂಗಿಲ್ಲಂತ, ವಕೀಲರು ಹೇಳ್ಯಾರ."

"ಕಾಗದ ನಡ್ಯಂಗಿಲ್ಲ, ಖರೆ. ಭಂಡಾರ ಮುಟ್ಟೇನಲ್ಲ?"

"ನಾನೂ ಮುಟ್ಟೇನಿ! ಯಲ್ಲವ್ವ ಏನ್ ಮಾಲಕರ ಗುಮಾಸ್ತಳೇನೋ? ಗುಡ್ಡಕ್ಕ ಹೋಗಿ ತಪ್ಪುಗಾಣಿಕಿ ಹಾಕಿ ಬರತೇನಿ, ನಿಂದೂ ಕೂಡಿಸಿ."

ಅಪ್ಪ ನಕ್ಕ. ನಕ್ಕು, ಒಬ್ಬನೇ ಮಗ್ಗ ನಡೆಸಲು ಶೆಡ್ಡಿಗೆ ಹೋದ.

ಉಳಿದವರೆಲ್ಲ ಶೆಡ್ಡಿನೆದುರಿನ ಬೇವಿನ ಕೆಳಗೆ ಚುರಮುರಿ ತಿನ್ನುತ್ತ, ಭಜನೆ ಹಾಡುತ್ತ ಒಂದು ವಾರ ಹಗಲಿಡೀ ಕೂತರು. ರುದ್ರಪ್ಪ ಕಾಕಾನ ಮಗಳು ಗಂಗವ್ವ ತನ್ನ ಅಪ್ಪನ ಹೆಗಲೇರಿ ತಾಳ ಬಡಿಯುತ್ತಿದ್ದಳು. ಅವಳಿಗೆ ಅಪ್ಪ ಹಗಲಲ್ಲೇ ಸಿಕ್ಕಿದ್ದ! "ನಿಮ್ಮಪ್ಪ ಮಾಲಕರ ಅಳ್ಯಾ ಏನ?" ಎಂದು ಮೇಲಿನಿಂದ ಕೇಳಿದಳು. ನನಗೆ ಉತ್ತರ ಬೇಕಿರಲಿಲ್ಲ, ಆ ಹೆಗಲು ಬೇಕಿತ್ತು.

ಮುಂದೆ ಧಾರವಾಡದಲ್ಲಿ ಓದುವಾಗ ಆ ಕಾಯ್ದೆಯನ್ನು ಹುಡುಕಿ ಓದಿದೆ. ಕೆಲಸಗಾರರು ಸಂಘ ಕಟ್ಟದಂತೆ ತಡೆಯುವುದೇ ತಪ್ಪು ಎಂದಿತ್ತು. ಓದಿ ಸಮಾಧಾನವಾಗಬೇಕಿತ್ತು, ಕರುಬಿದೆ. ಅದೇ ಕಾಯ್ದೆ ಗಂಗವ್ವನ ಅಪ್ಪನನ್ನು ಬಿಡಿಸಿತ್ತು. ನನ್ನ ಅಪ್ಪನನ್ನು ಹಿಡಿದಿಟ್ಟ ಚಿಟಿಕೆ ಅರಿಶಿನವನ್ನು ಯಾವ ಕಲಮೂ ಮುಟ್ಟುವುದಿಲ್ಲ.

ಅಪ್ಪ ತೀರಿಕೊಂಡು ವರ್ಷಗಳಾದವು, ಶೆಡ್ಡಿದ್ದ ಜಾಗದಲ್ಲಿ ಈಗ ಅಂಗಡಿಗಳಿವೆ. ಆ ವಾರ ಒಮ್ಮೆ, ಭಜನೆ ಏರಿದಾಗ, ಅಪ್ಪನ ಮಗ್ಗ ನಿಂತಂತೆ ನನಗೆ ನೆನಪು. ನೆನಪೋ ಆಸೆಯೋ, ತಿಳಿಯದು. ಅವ್ವನನ್ನು ಕೇಳಿದರೆ, "ಇಲ್ಲಪಾ, ನಿಂತಿದ್ದಿಲ್ಲ. ಒಲಿ ಮುಂದ ಕುಂತು ಕೇಳಾಕತ್ತಿದ್ನಿ" ಎನ್ನುತ್ತಾಳೆ.

ಈಚೆಗೆ ಮುನವಳ್ಳಿಯ ಮದುವೆಯೊಂದರಲ್ಲಿ ಗಂಗವ್ವ ಸಿಕ್ಕಳು. ಅವಳನ್ನೂ ಕೇಳಿದೆ.

"ನಿಂತಿತ್ತಲ್ಲ! ನಿಮ್ಮಪ್ಪ ಕಣ್ಣು ಮುಚ್ಚಿ ನಮ್ಮ ಕೂಡ ಹಾಡಾಕತ್ತಿದ್ದ. ಶೆಡ್ಡಿನ ಕಿಟಕಿ ಎತ್ತರ ಇತ್ತು, ನಿನಗ ಎಲ್ಲಿ ಕಾಣಬೇಕು? ನಾ ಹೆಗಲ ಮ್ಯಾಲಿದ್ನಿ."

ನನ್ನ ಅಪ್ಪ ಹಾಡಿದ್ದನ್ನು ನೋಡಿದವಳೂ ಅವಳೇ.