ಮೆತ್ತಗೆ ಅಳಬೇಕಾದ ಊರು

ಲಂಡನ್ನಿನ ದಕ್ಷಿಣದ ಅಂಚಿನಲ್ಲಿರುವ ಸಟನ್ ಸ್ಟೇಷನ್ನಿನಲ್ಲಿ ಇಳಿದ ಮೊದಲ ದಿನ, ಎದುರು ಬಂದ ಕಪ್ಪು ಮನುಷ್ಯನೊಬ್ಬ ನನ್ನತ್ತ ತಲೆಯಾಡಿಸಿ ಹೋದ. ಯಾರಿಗಪ್ಪಾ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಾನು ಯಲ್ಲಾಪುರದ ಸಿದ್ದಿ. ಮುತ್ತಜ್ಜನ ಮುತ್ತಜ್ಜ ಆಫ್ರಿಕಾದವನಂತೆ. ನಾನು ಕಂಡದ್ದು ಯಲ್ಲಾಪುರದ ಕಾಡು, ಆಡಿದ್ದು ಕನ್ನಡ. ಹುಬ್ಬಳ್ಳಿ ಬಸ್ಸಿನಲ್ಲಿ ಯಾವ ದೇಶದವನು ಎಂದು ಕೇಳಿಸಿಕೊಂಡೇ ಬೆಳೆದವನನ್ನು ಇಲ್ಲಿ ಕೇಳದೆಯೇ ತಮ್ಮವನೆಂದುಕೊಂಡರು. ಖುಷಿಯಾಯಿತು. ಆ ಖುಷಿಯ ಬೆನ್ನಿಗೆ ಏನೇನು ಬರುತ್ತದೆಂದು ಗೊತ್ತಿರಲಿಲ್ಲ.

ಹೆಂಡತಿ ನರ್ಸ್. 2002ರಲ್ಲಿ ಅವಳ ವೀಸಾದ ಹಿಂದೆ ಬಂದ ನಾನು ಆಸ್ಪತ್ರೆಯಲ್ಲಿ ಪೋರ್ಟರ್ ಆದೆ, ಅಂದರೆ ರೋಗಿಗಳ ಗಾಡಿ ತಳ್ಳುವವ. ಜೊತೆಗಿದ್ದ ಡೆಸ್ಮಂಡ್ ಇಲ್ಲೇ ಹುಟ್ಟಿದವನು, ಅವನಪ್ಪ ಜಮೈಕಾದವರು. ಗಾಡಿ ತಳ್ಳುವುದಕ್ಕೂ ಮೊದಲು ಅವನು ಕಲಿಸಿದ್ದೇ ಬೇರೆ: ವಾರ್ಡಿನ ಬಾಗಿಲಲ್ಲೇ ನಗು, ಕೈ ಜೇಬಿನಲ್ಲಿಡಬೇಡ, ದನಿ ಏರಿಸಬೇಡ. ನಮ್ಮಂಥ ಗಂಡಸು ದನಿ ಏರಿಸಿದರೆ ಇಲ್ಲಿ ಕಾರಣ ಕೇಳುವುದಿಲ್ಲ, ಸೆಕ್ಯುರಿಟಿ ಕರೆಯುತ್ತಾರೆ ಎಂದ. ಇದೆಂಥಾ ಗುಲಾಮಗಿರಿ ಎಂದು ಬೈದೆ. ಅವನು ನಕ್ಕ.

ಅಪ್ಪ ತೀರಿಕೊಂಡ ಸುದ್ದಿ ಒಂದು ಮಧ್ಯಾಹ್ನ ವಾರ್ಡಿನ ಫೋನಿಗೆ ಬಂತು. ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿತ್ತು, ಹೊರಡುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಗಂಡುಮಕ್ಕಳು ಬಾಯಿಬಿಟ್ಟು ಅಳಬೇಕು. ಆಚೆ ದಿಬ್ಬದವರಿಗೂ ಕೇಳುವಂತೆ ಅಳದವನು ಮಗನೇ ಅಲ್ಲ. ಬಟ್ಟೆಬರೆ ಇಡುವ ಕೋಣೆಗೆ ಹೋಗಿ ಹಾಗೆಯೇ ಅತ್ತೆ.

“ಅಪ್ಪಾ, ನಿನ್ನ ಮಣ್ಣಿಗೂ ಬರೂಕೆ ಆಗ್ಲಿಲ್ವಲ್ಲ.”

ಐದು ನಿಮಿಷದಲ್ಲಿ ಸೆಕ್ಯುರಿಟಿಯವರಿಬ್ಬರು ಬಂದು ನನ್ನ ತೋಳು ಹಿಂದಕ್ಕೆ ತಿರುಚಿದರು. ಬಾಗಿಲಲ್ಲಿ ಲೀನಾ ಸಿಸ್ಟರ್ ನಿಂತಿದ್ದರು. ಉಡುಪಿ ಕಡೆಯವರು, ದಿನಾ ನನ್ನೊಡನೆ ಕನ್ನಡದಲ್ಲೇ ಊರಿನ ಮೀನಿನ ಮಾತಾಡುತ್ತಿದ್ದವರು. ಇವನು ಏನು ಕೂಗುತ್ತಿದ್ದಾನೆ ಎಂದು ಸೆಕ್ಯುರಿಟಿಯವನು ಅವರನ್ನೇ ಕೇಳಿದ.

“ಗೊತ್ತಿಲ್ಲ,” ಎಂದರು ಸಿಸ್ಟರ್, ಇಂಗ್ಲಿಷಿನಲ್ಲಿ. “ಆಫ್ರಿಕಾದ ಯಾವುದೋ ಭಾಷೆ ಇರಬೇಕು.”

ಬಿಡಿಸಿದವನು ಡೆಸ್ಮಂಡ್. ನಗುತ್ತಾ, ಖಾಲಿ ಕೈ ತೋರಿಸುತ್ತಾ, ಸರ್ ಸರ್ ಎನ್ನುತ್ತಾ, ಇವನ ತಂದೆ ಸತ್ತಿದ್ದಾರೆ ಎಂದು ವಿವರಿಸಿದ. ಆಮೇಲೆ ನನ್ನ ಪಕ್ಕ ಕೂತ. ತನ್ನಪ್ಪ ಸತ್ತಾಗ ಪಾಳಿ ಪೂರ್ತಿ ಮುಗಿಸಿ, ಕಾರಿನ ಕಿಟಕಿ ಏರಿಸಿ, ರೇಡಿಯೋ ಜೋರು ಮಾಡಿಕೊಂಡು ಅತ್ತಿದ್ದನಂತೆ. ಮೆತ್ತಗೆ ಅಳು ಎಂದು ಬೆನ್ನು ಸವರಿದ. ಅವನ ಮೇಲೂ ಸಿಟ್ಟು ಬಂತು. ನಲವತ್ತು ದಾಟಿದ ಗಂಡಸು ಅಪ್ಪನಿಗೆ ಅಳುವುದಕ್ಕೆ ಕಿಟಕಿ ಮುಚ್ಚಬೇಕೇ?

ವಾರ ಕಳೆದು ಲೀನಾ ಸಿಸ್ಟರ್ ಕಾರಿಡಾರಿನಲ್ಲಿ ಸಿಕ್ಕರು. ಹೆದರಿಕೆಯಾಯಿತು, ತಪ್ಪು ತಿಳಿಯಬೇಡಿ ಎಂದರು.

“ಸಿಸ್ಟರ್, ಅಪ್ಪಾ ಅನ್ನೋದು ಆಫ್ರಿಕಾದ ಭಾಷೆನಾ?”

ಅವರು ಕೈಯಲ್ಲಿದ್ದ ಕಾಗದ ನೋಡತೊಡಗಿದರು. ಇನ್ನೂ ಹತ್ತು ಮಾತು ಗಂಟಲಲ್ಲಿದ್ದವು, ಎಲ್ಲ ಬಿಸಿಬಿಸಿ. ಆದರೆ ಥೂ, ನಾನು ನಗುತ್ತಿದ್ದೆ. ಕೈಗಳು ಜೇಬಿನ ಹೊರಗಿದ್ದವು.

ವರ್ಷದ ತಿಥಿಗೆ ಊರಿಗೆ ಹೋದೆ. ಅಪ್ಪನ ಫೋಟೊದ ಮುಂದೆ ಅಣ್ಣಂದಿರು ಮನೆ ಹಾರಿಹೋಗುವಂತೆ ಅತ್ತರು. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ದೊಡ್ಡಣ್ಣ ಟವೆಲು ಕಿತ್ತು ನನ್ನ ಗದ್ದ ಹಿಡಿದ.

“ಏನೋ ಇದು? ಅಪ್ಪಂಗೆ ಅಳೂಕೂ ಬರೂದಿಲ್ವೇನೋ ನಿಂಗೆ?”

ಬರುತ್ತದೆ ಎಂದು ತೋರಿಸಲು ಬಾಯಿ ತೆರೆದೆ. ತೆರೆಯುವ ಮೊದಲು, ಬಾಗಿಲು ಹಾಕಿದೆಯೇ ಎಂದು ನೋಡಿದೆ.