ರಿಪೇರಿ ಮಾಡದ ಕೈಪಂಪು ಮೇಸ್ತ್ರಿ

ಪೂರ್ತಿ ಬೆಳಗಾಗಿಲ್ಲ. ತಿಳವಳ್ಳಿಯ ಓಣಿಯೊಂದರಲ್ಲಿ ಹಯಾತಸಾಬರು ಲುಂಗಿ ಎತ್ತಿ ಕಟ್ಟಿ ಕೈಪಂಪು ಹೊಡೆಯುತ್ತಿದ್ದಾರೆ. ತುಟಿಯಲ್ಲೇ ಎಣಿಕೆ ನಡೆದಿದೆ. ಕೊಡ ಹಿಡಿದು ಬಂದ ನಾಗರತ್ನಾ ನಗುತ್ತಾಳೆ.

"ಏನ್ ಸಾಬರ, ಈ ವಯಸ್ಸಿನ್ಯಾಗ ಕಸರತ್ತು ಹಚ್ಚೀರಿ?"

"ಕೊಡಾ ಇಡವಾ, ಬಂದ್ರ ನಿನಗ. ಇಲ್ಲಿ ನೀರು ಬರ್ತೈತಿ ಅಂತ ಸರಕಾರ ಹೇಳೇತಿ. ಖರೇ ಏನು ನೋಡಾಕತ್ತೇನಿ."

ಇಪ್ಪತ್ತೆರಡನೆಯ ಹೊಡೆತಕ್ಕೆ ನೀರು ಬೀಳುತ್ತದೆ. ಸಾಬರು ಜೇಬಿನ ಹಾಳೆ ಬಿಡಿಸಿ, ಬೆರಳಿಟ್ಟು ಊರಿನ ಹೆಸರು ಹುಡುಕಿ, ಪಕ್ಕದಲ್ಲೊಂದು ಸರಿ ಗುರುತು ಹಾಕುತ್ತಾರೆ.

ಆ ಹಾಳೆ ವಿಧಾನ ಪರಿಷತ್ತಿನಲ್ಲಿ ಮಂತ್ರಿಗಳು ಕೊಟ್ಟ ಉತ್ತರದ ಜೊತೆಗಿನ ಪಟ್ಟಿ. ಸದಸ್ಯರು ಪ್ರಶ್ನೆ ಕೇಳುತ್ತಾರೆ, ಇಲಾಖೆಯವರು ಬರೆದುಕೊಡುತ್ತಾರೆ, ಮಂತ್ರಿಗಳು ಓದುತ್ತಾರೆ. ಕೇಳಿದವರು ಅಲ್ಲಿಗೆ ಮುಗಿಯಿತೆಂದು ಕುಳಿತರೆ ಮುಗಿದೇ ಹೋಗುತ್ತದೆ. ಹಯಾತಸಾಬರ ಕೆಲಸ ಶುರುವಾಗುವುದು ಅಲ್ಲಿಂದಲೇ. ಈ ಭಾಗದ ಪರಿಷತ್ ಸದಸ್ಯರೊಬ್ಬರ ಕಚೇರಿಯ ಜಗದೀಶ ಪಟ್ಟಿ ತಂದುಕೊಡುತ್ತಾನೆ. ಸಾಬರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಮೊಪೆಡ್ ಮೇಲೆ ತಿರುಗಿ, ಕಂಡದ್ದನ್ನು ಕಂಡಂತೆ ಬಂದು ಹೇಳುತ್ತಾರೆ. ದಿನಕ್ಕೆ ಆರು ಊರು. ಹತ್ತು ವರ್ಷವಾಯಿತು.

"ಹೊತ್ತು ಏರಿದ ಮ್ಯಾಲ ಹೋದ್ರ ಮಂದಿ ಮಾತಾಡ್ತಾರ್ರಿ. ನಸಿಕಿನ್ಯಾಗ ಹೋದ್ರ ಪಂಪು ಮಾತಾಡ್ತೈತಿ," ಎನ್ನುತ್ತಾರೆ.

ಸವಣೂರಿನವರು. ಓದಿದ್ದು ಮೂರನೆಯ ಇಯತ್ತೆ. ಮೂವತ್ತು ವರ್ಷ ಕೈಪಂಪು ರಿಪೇರಿ ಮಾಡಿದ ಕೈ. ಹಿಡಿಕೆ ಮುಟ್ಟಿದರೆ ಸಾಕು, ಒಳಗೆ ವಾಶರ್ ಹೋಗಿದೆಯೋ ಕೊಳವೆ ಕಳಚಿದೆಯೋ ತಿಳಿಯುತ್ತದೆ. ಆದರೆ ಆ ಕೈಯೇ ಒಮ್ಮೆ ಅವರಿಗೆ ಮೋಸ ಮಾಡಿತು.

ನಾಲ್ಕು ವರ್ಷದ ಹಿಂದಿನ ಮಾತು. ದುಂಡಸಿ ಹತ್ತಿರದ ಒಂದು ಊರಿನಲ್ಲಿ ಪಂಪು ಸತ್ತಿತ್ತು. ಸಾಬರು ಹಾಗೆಂದು ಗುರುತು ಹಾಕಿಕೊಂಡರು. ಸುತ್ತ ಹೆಂಗಸರು ಬರಿಗೊಡ ಹಿಡಿದು ನಿಂತಿದ್ದರು. ಚೀಲದಲ್ಲಿ ಬೋಲ್ಟು ಬಿಚ್ಚುವ ಪಾನಾ ಇತ್ತು, ವಾಶರ್ ಇತ್ತು. ತಡೆಯಲಾಗಲಿಲ್ಲ, ಬಿಚ್ಚಿ ಸರಿಮಾಡಿ ಬಂದುಬಿಟ್ಟರು; ಹಾಳೆಯ ಮೇಲಿನ ಗುರುತು ಮಾತ್ರ ಹಾಗೇ ಉಳಿಯಿತು. ಸದಸ್ಯರು ಸದನದಲ್ಲಿ ಎದ್ದುನಿಂತು ಆ ಊರಿಗೆ ನೀರಿಲ್ಲ ಎಂದಾಗ, ಮಂತ್ರಿಗಳು ದಬದಬ ನೀರು ಬೀಳುವ ಹೊಸ ಫೋಟೋ ಎತ್ತಿ ತೋರಿಸಿದರು. ಸದನ ನಕ್ಕಿತು. ಪ್ರಶ್ನೆ ಅಲ್ಲೇ ಬಿತ್ತು. ಪಟ್ಟಿಯಲ್ಲಿದ್ದ ಉಳಿದ ಸತ್ತ ಪಂಪುಗಳ ಮಾತು ಯಾರೂ ಎತ್ತಲಿಲ್ಲ.

"ಸುಳ್ಳು ಉತ್ತರಾ ಖರೇ ಮಾಡಿದಾಂವ ನಾನ ಆದೆ," ಎನ್ನುತ್ತಾರೆ. ಅಂದಿನಿಂದ ಪಾನಾ ಮನೆಯಲ್ಲೇ.

ಈ ವರ್ಷ ಅದೇ ಪರೀಕ್ಷೆ ಮತ್ತೆ ಬಂತು. ನಾಲ್ಕೂ ತಾಲ್ಲೂಕಿನ ನಲವತ್ತಾರು ಪಂಪು ದುರಸ್ತಿ ಮಾಡಿಸುತ್ತೇವೆಂದು ಮಂತ್ರಿಗಳು ಸದನಕ್ಕೆ ಮಾತು ಕೊಟ್ಟರು. ಆಮೇಲೆ ಇಲಾಖೆ, ಎಲ್ಲಾ ಆಗಿದೆ ಎಂದು ಬರೆಯಿತು. ಮಂತ್ರಿಗಳು ಕೊಟ್ಟ ಮಾತು ನಡೆಯಿತೋ ಇಲ್ಲವೋ ನೋಡಲು ಸದನದ್ದೇ ಒಂದು ಭರವಸೆ ಸಮಿತಿ ಇದೆ. ಅದು ಬಂದು ನೋಡುವುದಿತ್ತು. ಅದಕ್ಕೂ ಮೊದಲೇ ಸಾಬರು ತಿರುಗಿ ನೋಡಿದರೆ ಹತ್ತೊಂಬತ್ತು ಪಂಪು ಸತ್ತೇ ಇವೆ. ಹಿರೇಕೆರೂರು ಕಡೆಯ ಒಂದು ಕೇರಿಯಲ್ಲಿ ಇದ್ದದ್ದೇ ಒಂದು ಪಂಪು. ಸಮಿತಿ ಬರಲು ಇನ್ನೂ ಒಂಬತ್ತು ದಿನವಿರುವಾಗ ಅಲ್ಲಿ ಉಡಚವ್ವ ಎಂಬ ಮುದುಕಿ ಅಡ್ಡ ನಿಂತಳು.

"ಮೇಸ್ತ್ರಿ ಅದೀಯಂತ, ಮಾಡು ಮತ್ತ."

"ಪಾನಾ ತಂದಿಲ್ಲ ಬೇ."

"ಕತ್ತರಿ ಬಿಟ್ಟು ಬಂದ ಸಿಂಪಿಗನ ಕಂಡಂಗಾತು!"

ಸಾಬರು ಕಟ್ಟೆಯ ಮೇಲೆ ಕುಳಿತು ಎಲ್ಲಾ ಬಿಡಿಸಿ ಹೇಳಿದರು. "ನಾ ಮಾಡಿದ್ರ ನಿಮ್ಮದೊಂದು ನಡೀತೈತಿ. ಸಮಿತಿಯವರು ಕಣ್ಣಾರೆ ಕಂಡ್ರ ಹತ್ತೊಂಬತ್ತೂ ನಡೀತಾವ. ನೀವ ಹೇಳ್ರಿ, ಮಾಡಂದ್ರ ನಾಳೆ ಪಾನಾ ತರ್ತೇನಿ."

ಕೇರಿಯ ಹೆಂಗಸರೆಲ್ಲ ಕೂಡಿದರು. ಉಡಚವ್ವನೇ ತೀರ್ಪು ಕೊಟ್ಟಳು: "ಒಂಬತ್ತು ದಿನ ಹೊಲದ ಬಾವಿಗೆ ಹೋಗೂಣು. ಅವರು ಬರಲಿಲ್ಲಂದ್ರ ಹತ್ತನೇ ದಿನದಿಂದ ಸಾಬ ನೀರು ಹೊರಬೇಕು."

ಸಾಬರು ಹತ್ತನೆಯ ದಿನದ ತನಕ ಕಾಯಲಿಲ್ಲ. ಮರುದಿನವೇ ಮೊಪೆಡ್‌ಗೆ ಎರಡು ಕ್ಯಾನು ಕಟ್ಟಿ ನೀರು ತಂದರು. ಒಂಬತ್ತು ದಿನವೂ ತಂದರು. "ರಿಪೇರಿ ಮಾಡಬಾರದು ಅಂತ ನೇಮ ಮಾಡೇನಿ, ನೀರು ತರಬಾರದು ಅಂತಿಲ್ಲಲ್ರಿ," ಎಂದು ನಗುತ್ತಾರೆ.

ಸಮಿತಿ ಬಂತು. ಅಧ್ಯಕ್ಷರು ತಾವೇ ಹಿಡಿಕೆ ಹಿಡಿದು ಬೆವರು ಬರುವ ತನಕ ಹೊಡೆದರು. ಒಂದು ಹನಿಯಿಲ್ಲ. ಜೊತೆಗಿದ್ದ ಎಂಜಿನಿಯರು, "ನಿನ್ನೆಯಷ್ಟೇ ಕೆಟ್ಟಿದೆ ಸರ್," ಎಂದರು. ಉಡಚವ್ವ ಪಂಪಿನ ಬಾಯಿಗೆ ಬೆರಳು ತೋರಿಸಿದಳು. ಒಳಗೆ ಕಡಜ ಮಣ್ಣಿನ ಗೂಡು ಕಟ್ಟಿ, ಅದು ಒಣಗಿ ಕಲ್ಲಾಗಿತ್ತು.

"ನಿನ್ನಿ ಕೆಟ್ಟಿದ್ರ ಈ ಹುಳಾ ಇಷ್ಟು ಲಗೂನ ಮನಿ ಕಟ್ಟೇತೇನ್ರಿ ಸಾಹೇಬ್ರ? ಹಂಗಿದ್ರ ನಿಮ್ಮ ಕೆಲಸಾ ಅದಕ್ಕ ಕೊಡ್ರಿ."

ಅಧ್ಯಕ್ಷರು ನಗಲಿಲ್ಲ. ಅಲ್ಲೇ ನಿಂತು ಬರೆಸಿದರು. ಪ್ರತಿ ಪಂಪಿಗೂ ದುರಸ್ತಿಯ ತಾರೀಖು ಹಾಕಿ ಎಂಜಿನಿಯರ ಸಹಿ ತೆಗೆದುಕೊಂಡರು. ತಿಂಗಳೊಳಗೆ ಹತ್ತೊಂಬತ್ತೂ ಪಂಪು ನಡೆದವು. ತಿಳವಳ್ಳಿಯದೂ ಅದರಲ್ಲೊಂದು. ಅವು ಇನ್ನೂ ನಡೆಯುತ್ತಿವೆಯೇ ಎಂದು ನೋಡಲೆಂದೇ ಸಾಬರು ಈ ವಾರ ಹೊರಟಿರುವುದು.

ಸದನ ನೋಡಲು ಪಾಸು ಕೊಡಿಸುತ್ತೇನೆಂದು ಜಗದೀಶ ಎಷ್ಟೋ ಸಲ ಕರೆದಿದ್ದಾನೆ. ಸಾಬರು ಹೋಗಿಲ್ಲ. ಅವರಿಗಿರುವ ಆಸೆ ಬೇರೆ.

"ಉತ್ತರಾ ಓದೂಕಿಂತ ಮೊದ್ಲ ಮಂತ್ರಿಗಳು ತಾವ ಒಬ್ಬರನ್ನ ಊರಿಗೆ ಕಳಿಸಿ ನೋಡಿಸಬೇಕ್ರಿ. ಅವತ್ತ ನನ್ನ ಕೆಲಸಾ ಹೋಗ್ತೈತಿ," ಎಂದು ಮೊಪೆಡ್ ಒದೆಯುತ್ತಾರೆ. "ಹೋಗ್ಲಿ ಬಿಡ್ರಿ. ಮನ್ಯಾಗ ಆರಾಮ ಕುಂತು ಚಾ ಕುಡಿತೇನಿ."