ಗಂಡು ನೋಡಲು ನಾನೇ ಹೋದೆ

1999ರ ಮಾತು. ಆಗ ನಾವು ಬೈಯಪ್ಪನಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದ ಕುಟುಂಬ ನಮ್ಮದು. ಅಪ್ಪ ತೀರಿಕೊಂಡ ಮೇಲೆ ನಾನು ಶಿವಾಜಿನಗರದ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದೆ. ಅಮ್ಮನಿಗೆ ನನ್ನ ಮದುವೆಯದೇ ಚಿಂತೆ. ಗಂಡಿನ ಕಡೆಯವರು ಬರುವುದು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುವುದು, "ಹೇಳಿ ಕಳಸ್ತೀವಿ" ಎಂದು ಎದ್ದು ಹೋಗುವುದು ನಮ್ಮ ಮನೆಯಲ್ಲಿ ಮಾಮೂಲಾಗಿತ್ತು.

ಆ ವರ್ಷ ಬಂದವನು ಬಸವರಾಜ. ನಮ್ಮ ಕಡೆಯವನೇ, ಕಗ್ಗದಾಸಪುರದಲ್ಲಿ ವೆಲ್ಡಿಂಗ್ ಕೆಲಸ. ತಂದೆಯಿಲ್ಲದ ಅವನಿಗೆ ಸೋದರಮಾವನೇ ದೊಡ್ಡವರು. ಆ ಮಾವ ನಾನು ಕುಂಟುತ್ತೇನೋ ಎಂದು ನೋಡಲು ವಠಾರದ ಉದ್ದಕ್ಕೂ ನಡೆಸಿದರು. ಕೂದಲು ಸ್ವಂತದ್ದೋ ಅಲ್ಲವೋ ಎಂದು ಜಡೆ ಬಿಚ್ಚಿಸಿದರು. ಕಣ್ಣು ಸರಿಯಿದೆಯೇ ಎಂದು ಸೂಜಿಗೆ ದಾರ ಪೋಣಿಸಲು ಹೇಳಿದರು. ದಿನವಿಡೀ ಅದನ್ನೇ ಮಾಡುವವಳಿಗೆ! ಕೊನೆಗೆ ನಲ್ಲಿಯ ಹತ್ತಿರ ನಿಂತಿದ್ದವರಿಗೆಲ್ಲ ಕೇಳುವಂತೆ, "ಎಲ್ಲಾ ಛಲೋ ಐತಿ, ಬಣ್ಣ ಮಾತ್ರ ಭಾಳ ಕಮ್ಮಿ. ನಮ್ಮ ಹುಡುಗಗ ಸರಿ ಹೋಗಂಗಿಲ್ಲ" ಎಂದುಬಿಟ್ಟರು. ಬಸವರಾಜ ನನ್ನನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, ಆಮೇಲೆ ಅದೇ ಬಾಯಿಗೆ ಮಿರ್ಚಿ ಹಾಕಿಕೊಂಡ. ಮಾವನ ಮಾತಿಗಿಂತ ಅವನು ಸುಮ್ಮನೆ ಕೂತದ್ದೇ ನನ್ನ ಹೊಟ್ಟೆ ಉರಿಸಿತು. ಇನ್ನು ಯಾರ ಮುಂದೆಯೂ ಹೀಗೆ ನಿಲ್ಲುವುದಿಲ್ಲ ಎಂದು ಅಮ್ಮನಿಗೆ ಅಂದೇ ಹೇಳಿದೆ. ಅಮ್ಮ ಅತ್ತಳು. ನಾನು ಜಗ್ಗಲಿಲ್ಲ.

ಒಂದೆರಡು ವರ್ಷ ಕಳೆದಿರಬೇಕು. ಒಂದು ಸಂಜೆ ಶಿವಾಜಿನಗರದಲ್ಲಿ ಬಸ್ಸು ಹತ್ತಿದರೆ ಅವನೇ ಕೂತಿದ್ದಾನೆ. ನನ್ನನ್ನು ಕಂಡು ಗಡಬಡಿಸಿ ಎದ್ದ.

"ಕುಂದ್ರಿ."

"ಬೇಡ ಬಿಡಿ, ನನ್ ಬಣ್ಣ ಸೀಟಿಗೆ ಅಂಟ್ಕೊಂಡ್ಬಿಡತ್ತೆ."

ಕಂಡಕ್ಟರ್ ಕಿಸಕ್ಕನೆ ನಕ್ಕ. ಮರುದಿನವೂ ಬಸವರಾಜ ಅದೇ ಬಸ್ಸಿನಲ್ಲಿದ್ದ, ಮತ್ತೆ ಎದ್ದು ನಿಂತ. ಹೀಗೇ ದಿನಾ ಅವನೂ ನಿಲ್ಲುವುದು, ನಾನೂ ನಿಲ್ಲುವುದು, ಸೀಟು ಮಾತ್ರ ಯಾರ್ಯಾರದೋ ಪಾಲು. ಕೊನೆಗೊಂದು ದಿನ ಹಲಸೂರು ದಾಟುವಾಗ ಬಾಯಿ ಬಿಟ್ಟ.

"ಅವತ್ತು ನಾ ಮಾತಾಡಬೇಕಿತ್ರಿ. ಸಾಕಿದ ಮಾವ ಅಂತ ಹೆದರಿದೆ. ಆಮ್ಯಾಲ ಬ್ಯಾರೆ ಹೆಣ್ಣು ನೋಡಾಕ ಮನಸ್ಸಾಗಲಿಲ್ಲ. ಇನ್ನೊಮ್ಮೆ ನಿಮ್ಮನೀಗೆ ಬರಲೇನ್ರಿ?"

ಅವನು ನನಗೆ ಇಷ್ಟವಾಗಿದ್ದ. ಸಿಟ್ಟು ಅಷ್ಟಿದ್ದದ್ದೂ ಅದಕ್ಕೇ. ಆದರೆ ಮಾವನೆದುರು ಬಾಯಿ ಸತ್ತವನನ್ನು ಕಟ್ಟಿಕೊಂಡು ಜೀವನವೆಲ್ಲ ತಲೆ ತಗ್ಗಿಸುವುದು ನನ್ನಿಂದಾಗದು. ಮಾವನ ಮುಂದೆ ಮಾತಾಡಿದರೆ ಮದುವೆ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆ.

"ನೀವ್ ಬರೋದ್ ಬೇಡ. ಈ ಸಲ ನಾವೇ ಗಂಡು ನೋಡೋಕ್ ಬರ್ತೀವಿ. ನಿಮ್ ಮಾವನೂ ಇರ್ಬೇಕು," ಎಂದೆ.

ಅಮ್ಮ ಬರಲು ಒಪ್ಪಲಿಲ್ಲ. "ಹೆಣ್ಣಿನವರು ಹಿಂಗ ಹೋಗೋದು ಎಲ್ಲೆರ ಐತೇನ? ಜನ ನಗ್ತಾರ" ಎಂದು ಮುಸುಗು ಹಾಕಿ ಮಲಗಿದಳು. ನನ್ನ ಜೊತೆ ಹೊಲಿಯುತ್ತಿದ್ದ ಶಮೀಮ್ ಆಂಟಿ, "ನಡಿ ಬೇಟಿ, ನಿನ್ ಕಡೆ ದೊಡ್ಡೋಳು ನಾನೇ" ಎಂದು ಹೊಸ ಬುರ್ಖಾ ತೊಟ್ಟು ಹೊರಟರು.

ಭಾನುವಾರ ಕಗ್ಗದಾಸಪುರದ ಅವನ ಕೋಣೆಯಲ್ಲಿ ಬಸವರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾನೇ ಮಾಡಿದ ಮಂಡಕ್ಕಿ ಒಗ್ಗರಣೆ ತಂದಿಟ್ಟ. ಮಾವ ದುರುಗುಟ್ಟಿ ನೋಡುತ್ತಿದ್ದರು. ಶಮೀಮ್ ಆಂಟಿ ಗತ್ತಿನಿಂದ ಬುರ್ಖಾ ಸರಿಪಡಿಸಿಕೊಂಡು, "ಸ್ವಲ್ಪ ನಡ್ದು ತೋರ್ಸಪ್ಪ" ಎಂದರು. ಅವನು ಗೇಟಿನ ತನಕ ನಡೆದು ಬಂದ. ನೆರೆಹೊರೆಯವರು ಬಾಗಿಲಲ್ಲಿ ನಿಂತು ನಗತೊಡಗಿದರು. ನಾನು ಸೂಜಿ, ದಾರ ಕೊಟ್ಟೆ. ಕಬ್ಬಿಣ ಬೆಸೆಯುವ ದಪ್ಪ ಬೆರಳಲ್ಲಿ ದಾರ ಹಿಡಿದು ಮತ್ತೆ ಮತ್ತೆ ನೋಡಿದ, ಅದು ಒಳಹೋಗಲೊಲ್ಲದು.

ಮಾವ ಎದ್ದು ನಿಂತು ಅಬ್ಬರಿಸಿದರು. "ಸಾಕು! ಗಂಡಸಿನ ಮಾನ ಕಳ್ಯಾಕ ಬಂದೀರೇನು? ಏಳ್ರಿ, ಹೊರಗ ನಡೀರಿ!"

ನಾನು ಮಾವನ ಕಡೆ ನೋಡಲೇ ಇಲ್ಲ. ಬಸವರಾಜನನ್ನೇ ನೋಡುತ್ತಿದ್ದೆ.

ಅವನು ಸೂಜಿಯಿಂದ ಕಣ್ಣು ಕೀಳದೆ ಹೇಳಿದ: "ಮಾವ, ಕುಂದ್ರಿ. ಆಕೀಗೆ ಇದನ್ನ ಮಾಡಿಸಿದಾಗ ಯಾರ ಮಾನ ಹೋತು ಅಂತ ಕೇಳಿದಿರೇನು? ತಪ್ಪು ನಮ್ಮದು. ಆಕೀನ್ನ ಹೊರಗ ಕಳಿಸಿದ್ರ ನಾನೂ ಹೋಗ್ತೀನಿ. ಆದ್ರ ಈ ದಾರ ಪೋಣಿಸಿ ಹೋಗ್ತೀನಿ, ತಡೀರಿ."

ಮಾವ ದೊಪ್ಪನೆ ಕೂತರು. ಕೊನೆಗೂ ದಾರ ಸೂಜಿಯೊಳಗೆ ಹೋಯಿತು. ಶಮೀಮ್ ಆಂಟಿ ಒಗ್ಗರಣೆ ಬಾಯಿಗಿಟ್ಟುಕೊಂಡು, "ಹುಡ್ಗ ಪರ್ವಾಗಿಲ್ಲ, ಉಪ್ಪೇ ಕಮ್ಮಿ" ಎಂದರು. ಅಲ್ಲೇ, ಆಗಲೇ ನಾನು ಒಪ್ಪಿಗೆ ಹೇಳಿದೆ. ಹೇಳಿ ಕಳಿಸುವ ಮಾತೇ ಇರಲಿಲ್ಲ.

ನೆಂಟರ ಮದುವೆಗಳಿಗೆ ಹೋದರೆ ಇವತ್ತಿಗೂ "ಗಂಡನ ಕೈಲಿ ಸೂಜಿಗೆ ದಾರ ಹಾಕಿಸಿದಾಕಿ ಬಂದಳು ನೋಡ್ರಿ" ಎಂದು ಆಡಿಕೊಳ್ಳುತ್ತಾರೆ. ನನಗೇನೂ ನಾಚಿಕೆಯಿಲ್ಲ. ಬಸವರಾಜನನ್ನು ಒಂದು ದಿನ ನಿಲ್ಲಿಸಿ ನೋಡಿದ್ದು ಎಲ್ಲರಿಗೂ ನೆನಪಿದೆ. ನನ್ನನ್ನು ಎಷ್ಟು ಸಲ ಹಾಗೆ ನಿಲ್ಲಿಸಿ ನೋಡಿದ್ದರೆಂಬುದು ಯಾರಿಗೂ ನೆನಪಿಲ್ಲ. ನನ್ನ ಗಂಡನಿಗೆ ಮಾತ್ರ ನೆನಪಿದೆ.